ಎಳ್ಳು ಅಮಾವಾಸ್ಯೆಯ ಭಜ್ಜಿ: ಕಾಳಿನ ಅಡುಗೆ, ಕಾಳಿನ ಪೋಷಣೆ

ಭಜ್ಜಿ ಎಂದೊಡನೆ ಬೆಂಗಳೂರು, ಮೈಸೂರು ಕಡೆಯ ಓದುಗರಿಗೆ ಕಡಲೆ ಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಕರಿದ ಈರುಳ್ಳಿಯೋ ಮೆಣಸಿನಕಾಯಿಯೋ ನೆನಪಾಗುತ್ತದೆ. ಕಲಬುರಗಿ, ಬೀದರ ಕಡೆಯವರಿಗೆ ಹಾಗಲ್ಲ. ಅವರಿಗೆ ಭಜ್ಜಿ ಎಂದರೆ ಎಳ್ಳು ಅಮಾವಾಸ್ಯೆಯ ದಿನ ದೊಡ್ಡ ಗಡಿಗೆಯಲ್ಲಿ ಕುದಿಯುವ ಪಲ್ಯ: ಹಸಿ ತೊಗರಿ, ಹಸಿ ಕಡಲೆ, ಅವರೆ, ಶೇಂಗಾ, ಮೆಂತ್ಯ ಸೊಪ್ಪು, ಬದನೆಕಾಯಿ, ಬೋರೆ ಹಣ್ಣು ಎಲ್ಲ ಸೇರಿ ಗಟ್ಟಿಯಾಗಿ, ಹುಳಿಯಾಗಿ, ಹಸಿರಾಗಿ ಇರುವಂಥದ್ದು. ಇದರಲ್ಲಿ ಕರಿಯುವ ಮಾತೇ ಇಲ್ಲ. ಟೆಲಿವಿಷನ್ನಿನಲ್ಲಿ ಮಾತು ಕೇಳುವಾಗ ಅಳತೆಗಳನ್ನು ಬರೆದುಕೊಳ್ಳಲು ನಿಮಗೆ ಸಮಯ ಸಿಗುವುದಿಲ್ಲ. ಆದ್ದರಿಂದ ಈ ಅಡುಗೆಯನ್ನೂ ಅದರ ಹಿಂದಿರುವ ಪೋಷಣೆಯ ಲೆಕ್ಕವನ್ನೂ ಇಲ್ಲಿ ನಿಧಾನವಾಗಿ ನೋಡೋಣ.

ಮಾರ್ಗಶಿರ ಮಾಸ ಮುಗಿಯುವ ಅಮಾವಾಸ್ಯೆಯೇ ಎಳ್ಳು ಅಮಾವಾಸ್ಯೆ. ಇಂಗ್ಲಿಷ್ ತಿಂಗಳ ಲೆಕ್ಕದಲ್ಲಿ ಡಿಸೆಂಬರ್ ಕೊನೆಗೋ ಜನವರಿಯ ಆರಂಭಕ್ಕೋ ಬರುತ್ತದೆ. ಆಳಂದ ತಾಲ್ಲೂಕಿನ ಸರಸಂಬಾದಂತಹ ಊರುಗಳಲ್ಲಿ ಆ ದಿನ ಮಧ್ಯಾಹ್ನದ ಹೊತ್ತಿಗೆ ಓಣಿಗಳು ಬರಿದಾಗಿರುತ್ತವೆ. ಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲದಲ್ಲಿರುತ್ತಾರೆ. ಜೋಳದ ದಂಟಿನ ಕೊಂಪೆ ಕಟ್ಟಿ, ಐದು ಕಲ್ಲುಗಳನ್ನು ಪಾಂಡವರೆಂದು ಇಟ್ಟು ಪೂಜಿಸಿ, ಬೆಳೆಗೆ ಚರಗ ಚೆಲ್ಲಿ, ಅನಂತರ ಸಾಲಾಗಿ ಕುಳಿತು ಉಣ್ಣುತ್ತಾರೆ. ಸಜ್ಜೆ ರೊಟ್ಟಿ, ಜೋಳದ ಅಂಬಲಿ, ಶೇಂಗಾ ಹೋಳಿಗೆ, ನಡುವೆ ಭಜ್ಜಿ. ಗಡಿಯಾಚೆ ಲಾತೂರು, ಧಾರಾಶಿವ, ಸೊಲ್ಲಾಪುರ ಜಿಲ್ಲೆಗಳಲ್ಲೂ ಇದೇ ಹಬ್ಬ, ಇದೇ ಪಲ್ಯ. ಭಾಷೆ ಬೇರೆಯಾದರೂ ಗಡಿಗೆ ಒಂದೇ ಎನ್ನಬಹುದು.

ಈ ದಿನವೇ ಈ ಅಡುಗೆ ಏಕೆ? ಉತ್ತರ ಹೊಲದಲ್ಲಿಯೇ ಇದೆ. ಮುಂಗಾರಿನಲ್ಲಿ ಬಿತ್ತಿದ ತೊಗರಿ ಆಗ ಕಾಯಿ ತುಂಬಿ ಕೊಯ್ಲಿಗೆ ಬಂದಿರುತ್ತದೆ, ಆದರೂ ತಡವಾಗಿ ಹೂ ಬಿಟ್ಟ ಗಿಡಗಳಲ್ಲಿ ಹಸಿರು ಕಾಯಿ ಉಳಿದಿರುತ್ತವೆ. ಹಿಂಗಾರಿ ಕಡಲೆ ಕಾಯಿ ಕಟ್ಟಿರುತ್ತದೆ. ಅವರೆಯ ಕಾಲವೂ ಅದೇ. ಸೊಪ್ಪುಗಳು ಚಳಿಗೆ ಹುಲುಸಾಗಿರುತ್ತವೆ, ಬದುವಿನ ಬೋರೆ ಗಿಡ ಹಣ್ಣಾಗಿರುತ್ತದೆ. ವರ್ಷದ ಬೇರೆ ಯಾವ ವಾರದಲ್ಲೂ ಎರೆ ಭೂಮಿಯ ಹೊಲದಲ್ಲಿ ಇಷ್ಟು ಬಗೆಯ ಹಸಿ ಕಾಳು ಒಟ್ಟಿಗೆ ಸಿಗುವುದಿಲ್ಲ. ಇದ್ದದ್ದನ್ನೆಲ್ಲ ಕೊಯ್ದು ತಂದು ಒಂದೇ ಗಡಿಗೆಗೆ ಹಾಕಿದರೆ ಭಜ್ಜಿ.

ಈಗ ಮಾಡುವ ಕ್ರಮ. ಆರು ಜನರ ಒಂದು ಊಟಕ್ಕೆ ಅಳತೆ ಹೇಳುತ್ತೇನೆ. ಸುಲಿದ ಹಸಿ ತೊಗರಿ ಕಾಳು ಒಂದು ಬಟ್ಟಲು, ಅಂದರೆ ಸುಮಾರು 150 ಗ್ರಾಂ. ಹಸಿ ಕಡಲೆ, ಅವರೆ ಕಾಳು, ಹಸಿ ಬಟಾಣಿ ತಲಾ ಅರ್ಧ ಬಟ್ಟಲು. ಶೇಂಗಾ ಒಂದು ಹಿಡಿ; ಒಣಗಿದ್ದಾದರೆ ನಾಲ್ಕು ಗಂಟೆ ನೆನೆದಿರಲಿ. ಮೆಂತ್ಯ ಸೊಪ್ಪು ಎರಡು ಕಟ್ಟು, ಪಾಲಕ ಒಂದು ಕಟ್ಟು, ಉಳ್ಳಾಗಡ್ಡಿ ತಪ್ಪಲು ಒಂದು ಹಿಡಿ. ಎಳೆಯ ಬದನೆಕಾಯಿ ಎರಡು, ಗಜ್ಜರಿ ಒಂದು. ಬೋರೆ ಹಣ್ಣು ಎಂಟು ಹತ್ತು. ಕಡಲೆ ಹಿಟ್ಟು ಅರ್ಧ ಬಟ್ಟಲು. ನಿಂಬೆ ಹಣ್ಣಿನ ಗಾತ್ರದ ಹುಣಸೆ. ಹಸಿಮೆಣಸಿನಕಾಯಿ ಎಂಟು, ಬೆಳ್ಳುಳ್ಳಿ ಒಂದು ಗಡ್ಡೆ, ಜೀರಿಗೆ ಒಂದು ಚಮಚ. ಇವನ್ನು ಉಪ್ಪಿನೊಂದಿಗೆ ಒರಳಿನಲ್ಲಿ ಕುಟ್ಟಿ ಇಟ್ಟುಕೊಳ್ಳಿ. ಮಿಕ್ಸರಿನಲ್ಲಿ ನುಣ್ಣಗೆ ರುಬ್ಬಿದರೆ ಭಜ್ಜಿಯ ಗುಣವೇ ಬೇರೆಯಾಗುತ್ತದೆ. ಇದು ನನ್ನ ಅಭಿಪ್ರಾಯ, ಒಪ್ಪದವರೂ ಇದ್ದಾರೆ.

ಮೊದಲು ಕಾಳುಗಳನ್ನು ಮಾತ್ರ ಮುಳುಗುವಷ್ಟು ನೀರಿನಲ್ಲಿ ಬೇಯಲು ಇಡಿ. ಶೇಂಗಾ ಮತ್ತು ಅವರೆ ಮುಂಚೆ, ತೊಗರಿ ಮತ್ತು ಕಡಲೆ ಐದು ನಿಮಿಷ ಬಿಟ್ಟು, ಬಟಾಣಿ ಕೊನೆಗೆ. ಬೆರಳಿನಲ್ಲಿ ಹಿಸುಕಿದರೆ ಕಾಳು ಒಡೆಯಬೇಕು. ಆಮೇಲೆ ಬದನೆ, ಗಜ್ಜರಿ, ಬೋರೆ ಹಣ್ಣು. ಅವು ಅರ್ಧ ಬೆಂದ ಮೇಲೆ ತೊಳೆದು ಹೆಚ್ಚಿದ ಸೊಪ್ಪು. ಸೊಪ್ಪನ್ನು ಹೆಚ್ಚಿದ ಮೇಲೆ ತೊಳೆಯಬೇಡಿ. ನೀರಿನಲ್ಲಿ ಕರಗುವ ಜೀವಸತ್ವಗಳು ಮೋರಿಯ ಪಾಲಾಗುತ್ತವೆ. ಸೊಪ್ಪು ಬಾಡಿದ ನಂತರ ಕುಟ್ಟಿದ ಖಾರ ಹಾಕಿ. ಹುಣಸೆ ರಸದಲ್ಲಿ ಕಡಲೆ ಹಿಟ್ಟನ್ನು ಗಂಟಿಲ್ಲದಂತೆ ಕಲಸಿ, ಒಂದು ಕೈಯಿಂದ ಸುರಿಯುತ್ತಾ ಇನ್ನೊಂದು ಕೈಯಿಂದ ತಿರುವುತ್ತಾ ಇರಿ. ಹಿಟ್ಟಿನ ಹಸಿ ವಾಸನೆ ಹೋಗಿ ಪಲ್ಯ ಸವಟಿನಿಂದ ನಿಧಾನವಾಗಿ ಬೀಳುವವರೆಗೆ, ಅಂದರೆ ಸುಮಾರು ಹತ್ತು ನಿಮಿಷ, ಸಣ್ಣ ಉರಿಯಲ್ಲಿ ಕುದಿಯಲಿ. ಎರಡು ಮೂರು ಚಮಚ ಶೇಂಗಾ ಎಣ್ಣೆಯಲ್ಲಿ ಸಾಸಿವೆ, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟು ಇಳಿಸಿ. ಕೆಲವು ಮನೆಗಳಲ್ಲಿ ಹುಣಸೆಯ ಬದಲು ಹುಳಿ ಮಜ್ಜಿಗೆ ಹಾಕುತ್ತಾರೆ, ಕೆಲವರು ಒಗ್ಗರಣೆಯನ್ನೇ ಕೊಡುವುದಿಲ್ಲ. ಯಾವುದೂ ತಪ್ಪಲ್ಲ.

ಹುಳಿಯನ್ನು ಕೊನೆಗೆ ಹಾಕಿ ಎಂದು ಹೇಳಿದ್ದಕ್ಕೆ ಕಾರಣವಿದೆ. ಹುಳಿ ಬಿದ್ದ ನೀರಿನಲ್ಲಿ ಕಾಳಿನ ಸಿಪ್ಪೆ ಬೇಗ ಮೆತ್ತಗಾಗುವುದಿಲ್ಲ. ಒಂದು ಗಂಟೆ ಕುದಿಸಿದರೂ ಒಳಗೆ ಗಟ್ಟಿ ಉಳಿಯುತ್ತದೆ. ಎರೆ ಭೂಮಿಯ ಅನೇಕ ಬಾವಿ, ಬೋರ್‌ವೆಲ್‌ಗಳ ಗಡಸು ನೀರಿಗೂ ಇದೇ ದೋಷ. ಅದರಲ್ಲಿನ ಸುಣ್ಣಾಂಶ ಕಾಳನ್ನು ಬಿಗಿಯಾಗಿಸುತ್ತದೆ. ಹಾಗೆಂದು ಬೇಗ ಬೇಯಲಿ ಎಂದು ಅಡುಗೆ ಸೋಡಾ ಹಾಕುವ ರೂಢಿಯನ್ನು ಬಿಡುವುದು ಒಳ್ಳೆಯದು. ಸೋಡಾ ಹಾಕಿದರೆ ಕಾಳು ಮೆತ್ತಗಾಗುವುದು ನಿಜ. ಆದರೆ ಬಿ-1 ಜೀವಸತ್ವ ಹಾಳಾಗುತ್ತದೆ. ಮಳೆ ನೀರು ಹಿಡಿದಿಟ್ಟಿದ್ದರೆ ಅದರಲ್ಲಿ ಬೇಯಿಸಿ, ಇಲ್ಲವಾದರೆ ಕುಕ್ಕರ್ ಬಳಸಿ.

ಇನ್ನು ಪೋಷಣೆಯ ಲೆಕ್ಕ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೋಷ್ಟಕಗಳ ಪ್ರಕಾರ 100 ಗ್ರಾಂ ಒಣ ತೊಗರಿ ಬೇಳೆಯಲ್ಲಿ ಸುಮಾರು 22 ಗ್ರಾಂ ಸಸಾರಜನಕ ಇದೆ. ಹಸಿ ತೊಗರಿ ಕಾಳಿನಲ್ಲಿ ಮೂರರಲ್ಲಿ ಎರಡು ಪಾಲು ನೀರೇ ಇರುವುದರಿಂದ ಅದರ ಸಸಾರಜನಕ 10 ಗ್ರಾಂ ಹತ್ತಿರ. ಶೇಂಗಾದಲ್ಲಿ 25, ಕಡಲೆ ಬೇಳೆಯಲ್ಲಿ 21, ಜೋಳದಲ್ಲಿ 10. ಮೇಲಿನ ಅಳತೆಯ ಭಜ್ಜಿಯನ್ನು ಆರು ಪಾಲು ಮಾಡಿದರೆ ಒಬ್ಬರಿಗೆ ಸುಮಾರು 8 ಗ್ರಾಂ ಸಸಾರಜನಕ ಬರುತ್ತದೆ. ಜೊತೆಗೆ 100 ಗ್ರಾಂ ಹಿಟ್ಟಿನ ರೊಟ್ಟಿ ತಿಂದರೆ ಇನ್ನೊಂದು 10 ಗ್ರಾಂ. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಸಸಾರಜನಕ ಬೇಕೆಂಬುದು ಭಾರತೀಯರಿಗಾಗಿ ಗೊತ್ತುಮಾಡಿದ ಪ್ರಮಾಣ. 50 ಕಿಲೋ ತೂಕದ ಹೆಂಗಸಿಗೆ ಇದು ಸುಮಾರು 42 ಗ್ರಾಂ ಆಗುತ್ತದೆ. ಅಂದರೆ ಇದೊಂದು ಊಟದಿಂದಲೇ ದಿನದ ಅಗತ್ಯದ ಐದರಲ್ಲಿ ಎರಡು ಪಾಲು ಸಿಕ್ಕಂತಾಯಿತು. ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಇದಕ್ಕಿಂತ ಹೆಚ್ಚು ಬೇಕು.

ಆದರೆ ಗ್ರಾಂ ಲೆಕ್ಕವೊಂದೇ ಸಾಲದು. ಸಸಾರಜನಕವು ಅಮೈನೋ ಆಮ್ಲಗಳಿಂದ ಆದದ್ದು. ಇವುಗಳಲ್ಲಿ ಕೆಲವನ್ನು ದೇಹ ತಾನೇ ತಯಾರಿಸಲಾರದು, ಊಟದಿಂದಲೇ ಬರಬೇಕು. ಜೋಳದಲ್ಲಿ ಲೈಸಿನ್ ಎಂಬುದು ಕಡಿಮೆ. ತೊಗರಿ, ಕಡಲೆ, ಅವರೆಗಳಲ್ಲಿ ಲೈಸಿನ್ ಧಾರಾಳ, ಆದರೆ ಮಿಥಿಯೋನಿನ್ ಕೊರತೆ. ಆ ಕೊರತೆಯನ್ನು ಜೋಳ, ಸಜ್ಜೆ ತುಂಬುತ್ತವೆ. ರೊಟ್ಟಿ ಮತ್ತು ಕಾಳು ಒಂದೇ ದಿನದ ಊಟದಲ್ಲಿದ್ದರೆ ಎರಡರ ಸಸಾರಜನಕವೂ ದೇಹಕ್ಕೆ ಪೂರ್ತಿ ಉಪಯೋಗವಾಗುತ್ತದೆ. ಒಣ ಧಾನ್ಯದ ತೂಕದಲ್ಲಿ ಮೂರು ಪಾಲಿಗೆ ಒಂದು ಪಾಲು ಕಾಳು ಎಂಬುದು ನೆನಪಿಡಲು ಸುಲಭವಾದ ಪ್ರಮಾಣ.

ಈ ಜೋಡಿ ನಮ್ಮ ದೇಶದ ಆಸ್ತಿ ಮಾತ್ರವಲ್ಲ. ಭೂಗೋಳದ ಇನ್ನೊಂದು ಬದಿಯ ಮೆಕ್ಸಿಕೋ ದೇಶದಲ್ಲಿ ಸಾವಿರಾರು ವರ್ಷಗಳಿಂದ ಬಡವರ ಊಟ ಯಾವುದು ಗೊತ್ತೇ? ಮೆಕ್ಕೆಜೋಳದ ರೊಟ್ಟಿ ಮತ್ತು ಮಣ್ಣಿನ ಗಡಿಗೆಯಲ್ಲಿ ಬೇಯಿಸಿದ ಹುರುಳಿಯ ಜಾತಿಯ ಕಾಳು. ನಾವು ರಾಜ್ಮಾ ಎನ್ನುವ ಕಾಳಿನ ತವರು ಅಮೆರಿಕ ಖಂಡ. ಅಲ್ಲಿ ಅದನ್ನು ಈರುಳ್ಳಿ ಮತ್ತು ಒಂದು ಘಾಟಿನ ಸೊಪ್ಪಿನೊಂದಿಗೆ ಗಡಿಗೆಯಲ್ಲಿ ಗಂಟೆಗಟ್ಟಲೆ ಕುದಿಸುತ್ತಾರೆ. ಅದರ ಹೆಸರಿನ ಅರ್ಥವೇ ‘ಗಡಿಗೆ ಕಾಳು’ ಎಂದು. ಉಳಿದದ್ದನ್ನು ಮರುದಿನ ಕಡೆದು, ಕೊಬ್ಬಿನಲ್ಲಿ ಬಾಡಿಸಿ, ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತಾರೆ. ಹೊಲದಲ್ಲಿಯೂ ಮೆಕ್ಕೆಜೋಳ, ಕಾಳು, ಕುಂಬಳ ಮೂರನ್ನೂ ಕೂಡಿಯೇ ಬಿತ್ತುತ್ತಾರೆ, ನಮ್ಮ ರೈತರು ತೊಗರಿಯ ಸಾಲಿನ ನಡುವೆ ಸಜ್ಜೆ, ಹೆಸರು, ಎಳ್ಳು ಬಿತ್ತುವಂತೆ. ಪರಸ್ಪರ ಮುಖ ನೋಡದ ಎರಡು ನಾಡಿನ ಹೆಂಗಸರು ಒಂದೇ ತೀರ್ಮಾನಕ್ಕೆ ಬಂದಿದ್ದಾರೆ. ನಮ್ಮ ತೊಗರಿಯೂ ಪ್ರಯಾಣ ಮಾಡಿದೆ. ಭಾರತದಲ್ಲಿ ಹುಟ್ಟಿದ ಈ ಬೆಳೆ ಆಫ್ರಿಕಾದ ಮೂಲಕ ಕೆರಿಬಿಯನ್ ದ್ವೀಪಗಳನ್ನು ಮುಟ್ಟಿತು. ಪೋರ್ಟೊರಿಕೊ ದ್ವೀಪದಲ್ಲಿ ಕ್ರಿಸ್‌ಮಸ್ ಊಟಕ್ಕೆ ತೊಗರಿ ಕಾಳಿನ ಅನ್ನ ಆಗಲೇಬೇಕು. ಸರಸಂಬಾದ ಹೊಲದಲ್ಲಿ ಭಜ್ಜಿ ಉಣ್ಣುವುದೂ ಹೆಚ್ಚುಕಡಿಮೆ ಅದೇ ದಿನಗಳಲ್ಲಿ.

ಈ ಜೋಡಿ ಮುರಿದರೆ ಏನಾಗುತ್ತದೆ ಎಂಬುದಕ್ಕೂ ದಖ್ಖನಿನಲ್ಲಿ ಉದಾಹರಣೆ ಇದೆ. ಜೋಳವನ್ನೇ ನೆಚ್ಚಿದ ಬಡವರಲ್ಲಿ ಪೆಲಾಗ್ರ ಎಂಬ ರೋಗ ಕಾಣಿಸುತ್ತಿತ್ತು. ಬಿಸಿಲು ತಾಗುವ ಕುತ್ತಿಗೆ, ಮುಂಗೈಗಳ ಚರ್ಮ ಕಪ್ಪಾಗಿ ಒರಟಾಗುವುದು, ಭೇದಿ, ಮನಸ್ಸಿನ ಕಳವಳ ಇದರ ಲಕ್ಷಣಗಳು. ನಯಾಸಿನ್ ಎಂಬ ಜೀವಸತ್ವದ ಕೊರತೆ ಇದಕ್ಕೆ ಮೂಲ. ಹೈದರಾಬಾದಿನ ಪ್ರಯೋಗಾಲಯದಲ್ಲಿ ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಂಠಯ್ಯ ಅವರು 1960ರಲ್ಲಿ, ಜೋಳದಲ್ಲಿ ಲ್ಯೂಸಿನ್ ಅಂಶ ಹೆಚ್ಚಿರುವುದು ಇದಕ್ಕೆ ಕಾರಣವಿರಬಹುದೆಂದು ವಾದಿಸಿದರು. ಎಲ್ಲ ವಿಜ್ಞಾನಿಗಳೂ ಅದನ್ನು ಒಪ್ಪಲಿಲ್ಲ. ಆದರೆ ಬರೀ ರೊಟ್ಟಿ, ಖಾರದ ಊಟ ದೇಹಕ್ಕೆ ಸಾಲದು ಎಂಬುದರಲ್ಲಿ ಎರಡು ಮಾತಿಲ್ಲ. ಮೆಕ್ಸಿಕೋದವರು ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ನೆನೆಸಿದ ಮೇಲೆಯೇ ಅರೆಯುತ್ತಾರೆ. ಹಾಗೆ ಮಾಡಿದಾಗ ಅದರಲ್ಲಿ ಅಡಗಿದ ನಯಾಸಿನ್ ದೇಹಕ್ಕೆ ಸಿಗುತ್ತದೆ. ಯುರೋಪಿನವರು ಬೆಳೆಯನ್ನು ಒಯ್ದರು, ಸುಣ್ಣದ ಪದ್ಧತಿಯನ್ನು ಒಯ್ಯಲಿಲ್ಲ. ಇಟಲಿಯ ಬಡ ರೈತರು ಪೆಲಾಗ್ರದಿಂದ ನರಳಿದರು.

ಓದುಗರೆ, ಇಲ್ಲಿಯವರೆಗೆ ಹೇಳಿದ್ದು ಹಬ್ಬದ ದಿನದ ಮಾತು. ವರ್ಷದ ಉಳಿದ ದಿನಗಳ ತಟ್ಟೆಯಲ್ಲಿ ಏನಿದೆ? ಕಲಬುರಗಿಯನ್ನು ತೊಗರಿಯ ಕಣಜ ಎನ್ನುತ್ತೇವೆ. 2019ರಲ್ಲಿ ಇಲ್ಲಿನ ತೊಗರಿ ಬೇಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ಅದೇ ಜಿಲ್ಲೆಯನ್ನೂ ಸೇರಿಸಿ ಏಳು ಜಿಲ್ಲೆಗಳ ಶಾಲಾ ಮಕ್ಕಳಿಗೆ, ಪೌಷ್ಟಿಕತೆಯ ಕೊರತೆ ಹೆಚ್ಚಾಗಿದೆ ಎಂಬ ಕಾರಣಕ್ಕೆ, 2021ರ ಡಿಸೆಂಬರಿನಲ್ಲಿ ಸರ್ಕಾರ ಬಿಸಿಯೂಟದೊಂದಿಗೆ ಮೊಟ್ಟೆ ಕೊಡಲು ಆರಂಭಿಸಬೇಕಾಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಕಂಡುಬಂತು. ಕಾಳು ಬೆಳೆಯುವ ಊರಿನಲ್ಲಿ ಕಾಳಿನ ಕೊರತೆ ಏಕೆ?

ಒಂದು ಕಾರಣ ಅಡತಿ ಅಂಗಡಿ. ರಾಶಿ ಮುಗಿದ ಮರುದಿನವೇ ಚೀಲಗಳು ಗಾಡಿ ಏರುತ್ತವೆ. ಸಾಲ ಇರುತ್ತದೆ, ಮಗಳ ಮದುವೆ ಇರುತ್ತದೆ, ಯಾರನ್ನೂ ದೂರುವಂತಿಲ್ಲ. ನೆಟೆ ರೋಗ ಬಿದ್ದು ಗಿಡ ಒಣಗಿದ ವರ್ಷ ಇನ್ನೂ ಕಷ್ಟ. ಆದರೆ ಬೇಸಿಗೆ ಬರುವ ಹೊತ್ತಿಗೆ ಅದೇ ಮನೆಯವರು ಅಂಗಡಿಯಿಂದ ಪಾವು ಕಿಲೋ ಲೆಕ್ಕದಲ್ಲಿ ಬೇಳೆ ತರುತ್ತಾರೆ, ಅದೂ ಹೆಚ್ಚಿನ ಬೆಲೆಗೆ. ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಐದು ಜನರ ಮನೆಯಲ್ಲಿ ಒಬ್ಬರಿಗೆ ದಿನಕ್ಕೆ 40 ಗ್ರಾಂ ತೊಗರಿ ಬೇಳೆ ಎಂದರೆ ದಿನಕ್ಕೆ 200 ಗ್ರಾಂ, ವರ್ಷಕ್ಕೆ 73 ಕಿಲೋ. ಒಂದು ಕ್ವಿಂಟಲ್ ಇಡಿ ತೊಗರಿ ಒಡೆಸಿದರೆ ಸುಮಾರು 70 ಕಿಲೋ ಬೇಳೆ ಬರುತ್ತದೆ. ಹಾಗಾಗಿ ಮಾರುವ ಮೊದಲು ಒಂದು ಕ್ವಿಂಟಲ್ ಮನೆಗೆ ತೆಗೆದಿಟ್ಟರೆ ವರ್ಷದ ಬೇಳೆಯ ಚಿಂತೆ ಬಹುಪಾಲು ಕಳೆಯಿತು. ಚೆನ್ನಾಗಿ ಬಿಸಿಲಿಗೆ ಒಣಗಿಸಿ, ಒಡೆಸಿ ಇಟ್ಟರೆ ಇಡಿ ಕಾಳಿಗಿಂತ ನುಸಿಯ ಕಾಟ ಕಡಿಮೆ.

ಎರಡನೆಯ ಕಾರಣ ಅಡುಗೆಮನೆಯ ಒಳಗೇ ಇದೆ. ಅದನ್ನು ಹೇಳಲು ಸ್ವಲ್ಪ ಸಂಕೋಚವಾಗುತ್ತದೆ. ಗಡಿಗೆಯ ಬೇಳೆ ತಳದಲ್ಲಿ ಗಟ್ಟಿ, ಮೇಲೆ ತಿಳಿ. ಗಂಡಸರಿಗೆ, ಹಿರಿಯರಿಗೆ ಸವಟು ತಳಕ್ಕೆ ಹೋಗುತ್ತದೆ. ಮಕ್ಕಳಿಗೆ ನಡುವಿನದು. ಕೊನೆಗೆ ಉಣ್ಣುವ ಸೊಸೆಗೆ ಉಳಿದದ್ದು ನೀರು, ಇಲ್ಲವೇ ಗಡಿಗೆಯ ಅಂಚಿಗೆ ಅಂಟಿದ್ದನ್ನು ರೊಟ್ಟಿಯಿಂದ ಒರೆಸಿಕೊಂಡದ್ದು. ಹೊಲದಲ್ಲಿ ಕಳೆ ತೆಗೆದು ಬಂದವಳೂ ಅವಳೇ, ಬಸುರಿಯೂ ಅವಳೇ. ಎಳ್ಳು ಅಮಾವಾಸ್ಯೆಯ ದಿನ ಮಾತ್ರ ಇದು ನಡೆಯುವುದಿಲ್ಲ. ಹೊಲದಲ್ಲಿ ಎಲ್ಲರೂ ಒಟ್ಟಿಗೆ ಕುಳಿತಿರುತ್ತಾರೆ, ಭಜ್ಜಿಯೂ ಗಟ್ಟಿಯಾಗಿರುವುದರಿಂದ ಮೇಲೆ ಕೆಳಗೆ ಎಂಬ ಭೇದವಿರುವುದಿಲ್ಲ. ಒಬ್ಬ ಅಜ್ಜಿ ನನಗೆ ಒಮ್ಮೆ ಹೇಳಿದ್ದು ನೆನಪಿದೆ: “ಅವತ್ತೊಂದಿನ ನೋಡ ಯವ್ವಾ, ಸೊಸೀನೂ ಅತ್ತೀನೂ ಒಂದ ಗಡಿಗ್ಯಾಗಿಂದ ಒಂದ ಸವಟ ಉಣತಾರ.” ದಿನವೂ ತಿಳಿ ಬೇಳೆಯ ಬದಲು ಗಟ್ಟಿ ಪಲ್ಯ ಮಾಡಬೇಕು, ಮನೆಯವರೆಲ್ಲ ಒಟ್ಟಿಗೆ ಕೂರಬೇಕು ಎಂದು ನಾನು ಹೇಳುವುದು ಇದಕ್ಕಾಗಿಯೇ.

ಹಾಗಾದರೆ ಭಜ್ಜಿಯನ್ನು ವರ್ಷವಿಡೀ ಮಾಡಬಹುದೇ? ಖಂಡಿತ. ಹಸಿ ಕಾಳು ಇಲ್ಲದ ತಿಂಗಳುಗಳಲ್ಲಿ ಇಡಿ ತೊಗರಿ, ಕಡಲೆ, ಮಡಕಿ, ಹೆಸರು, ಯಾವುದಾದರೂ ಮೂರು ಒಣ ಕಾಳುಗಳನ್ನು ಒಂದು ಹಿಡಿಯಂತೆ ತೆಗೆದುಕೊಳ್ಳಿ. ರಾತ್ರಿ ನೆನೆಹಾಕಿ ಬೆಳಿಗ್ಗೆ ಆ ನೀರು ಚೆಲ್ಲಿ. ಹೊಟ್ಟೆಯುಬ್ಬರಕ್ಕೆ ಕಾರಣವಾಗುವ ಸಕ್ಕರೆಯ ಬಗೆಗಳು ಸ್ವಲ್ಪ ಮಟ್ಟಿಗೆ ಅದರಲ್ಲಿ ಹೋಗುತ್ತವೆ. ಮಡಕಿ, ಹೆಸರನ್ನು ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದರೆ ಇನ್ನೂ ಒಳ್ಳೆಯದು. ಕಬ್ಬಿಣಾಂಶವನ್ನು ಹಿಡಿದಿಡುವ ಫೈಟೇಟ್ ಕಡಿಮೆಯಾಗಿ ಸಿ ಜೀವಸತ್ವ ಹೆಚ್ಚುತ್ತದೆ. ಮೆಂತ್ಯ ಸಿಗದಿದ್ದರೆ ಪುಂಡಿ, ರಾಜಗಿರಿ, ನುಗ್ಗೆ ಸೊಪ್ಪು ನಡೆಯುತ್ತದೆ. ಪುಂಡಿ ಹಾಕಿದರೆ ಹುಣಸೆ ಬೇಡ. ಪಟ್ಟಣದವರು ರಾಜ್ಮಾ ಹಾಕುವುದಾದರೆ ಎಚ್ಚರಿಕೆ: ಅರೆಬೆಂದ ರಾಜ್ಮಾದಲ್ಲಿ ವಾಂತಿ ಭೇದಿ ತರುವ ಅಂಶವಿದೆ. ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ ಅರ್ಧ ಗಂಟೆ ಚೆನ್ನಾಗಿ ಕುದಿಸಿ, ಪೂರ್ತಿ ಮೆತ್ತಗಾದ ಮೇಲೆಯೇ ಬಳಸಿ.

ಕಾಳಿನ, ಸೊಪ್ಪಿನ ಕಬ್ಬಿಣಾಂಶ ಮಾಂಸದ ಕಬ್ಬಿಣಾಂಶದಷ್ಟು ಸುಲಭವಾಗಿ ರಕ್ತಕ್ಕೆ ಸೇರುವುದಿಲ್ಲ. ಸಿ ಜೀವಸತ್ವ ಜೊತೆಗಿದ್ದರೆ ಹೆಚ್ಚು ಸೇರುತ್ತದೆ. ಬೋರೆ ಹಣ್ಣಿನಲ್ಲಿ ಅದು ಚೆನ್ನಾಗಿದೆ, ಆದರೆ ಕುದಿಸಿದಾಗ ಬಹುಪಾಲು ನಾಶವಾಗುತ್ತದೆ. ಆದ್ದರಿಂದ ನಾಲ್ಕು ಹಣ್ಣು ಗಡಿಗೆಗೆ ಹಾಕಿ, ಉಳಿದ ನಾಲ್ಕನ್ನು ಊಟದ ಜೊತೆ ಹಸಿಯಾಗಿಯೇ ತಿನ್ನಿ. ಬೇರೆ ಕಾಲದಲ್ಲಿ ನಿಂಬೆ ಹಣ್ಣು ಹಿಂಡಿಕೊಳ್ಳಿ, ಇಲ್ಲವೇ ಪೇರಲ ಹಣ್ಣು ತಿನ್ನಿ. ಊಟವಾದ ಕೂಡಲೇ ಚಹಾ ಕುಡಿಯುವ ಅಭ್ಯಾಸವಿದ್ದರೆ ಒಂದು ಗಂಟೆ ಮುಂದಕ್ಕೆ ಹಾಕಿ. ಚಹಾದ ಒಗರು ಕಬ್ಬಿಣಾಂಶವನ್ನು ತಡೆಯುತ್ತದೆ. ರಕ್ತಹೀನತೆ ತೀವ್ರವಾಗಿರುವವರಿಗೆ ಊಟವೊಂದೇ ಸಾಕಾಗದು. ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣದ ಗುಳಿಗೆಗಳನ್ನು ತಪ್ಪದೆ ನುಂಗಬೇಕು. ಮೂತ್ರಪಿಂಡದ ಕಾಯಿಲೆ ಇರುವವರು ಕಾಳಿನ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಯೇ ನಿಶ್ಚಯಿಸಬೇಕು.

ಭಜ್ಜಿ ಮರುದಿನ ಇನ್ನೂ ರುಚಿ ಎನ್ನುವವರಿದ್ದಾರೆ. ಹುಳಿ, ಖಾರ ಕಾಳಿನೊಳಗೆ ಇಳಿಯುವುದರಿಂದ ಅದು ನಿಜವೂ ಹೌದು. ಚಳಿಗಾಲದಲ್ಲಿ ಒಂದು ರಾತ್ರಿ ಇಡಬಹುದಾದರೂ ತಿನ್ನುವ ಮೊದಲು ಕುದಿ ಬರುವವರೆಗೆ ಕಾಯಿಸಿ. ಬರೀ ಬೆಚ್ಚಗೆ ಮಾಡಿದರೆ ಸಾಲದು. ಬೇಸಿಗೆಯಲ್ಲಿ ಅಂದಿನದನ್ನು ಅಂದೇ ಮುಗಿಸಿ.

ಮನೆಯಲ್ಲಿ ಆರು ತಿಂಗಳು ದಾಟಿದ ಕೂಸು ಇದ್ದರೆ ಅದಕ್ಕೂ ಈ ಗಡಿಗೆಯಲ್ಲಿ ಪಾಲಿದೆ. ಕಾಳು, ಗಜ್ಜರಿ, ಸೊಪ್ಪು ಬೆಂದ ಮೇಲೆ, ಖಾರ ಹಾಕುವ ಮೊದಲು, ಒಂದು ಸಣ್ಣ ಬಟ್ಟಲಿನಷ್ಟು ಬೇರೆ ತೆಗೆಯಿರಿ. ಬೋರೆಯ ಬೀಜ, ಕಾಳಿನ ಸಿಪ್ಪೆ ತೆಗೆದುಹಾಕಿ, ಇಡಿ ಶೇಂಗಾ ಉಳಿಯದಂತೆ ನುಣ್ಣಗೆ ಕಡೆಯಿರಿ. ಮೆತ್ತಗೆ ಬೇಯಿಸಿದ ಜೋಳದ ನುಚ್ಚು ಕಲಸಿ, ಅರ್ಧ ಚಮಚ ತುಪ್ಪ ಹಾಕಿ, ಮೊದಲ ದಿನ ಎರಡೇ ಚಮಚ ತಿನ್ನಿಸಿ. ಒಗ್ಗಿದರೆ ದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ ಹೋಗಿ, ಎದೆಹಾಲು ಮುಂದುವರಿಯಲಿ.